ಪಟ್ಟಿ ರದ್ದಾಯಿತು, ಪ್ರಬಂಧ ಓದುವವರಾರು?

ಬೆಳಗಾವಿ: ಶಹಾಪುರ, ವಡಗಾವಿ, ಖಾಸಬಾಗ ಪ್ರದೇಶದ ನೇಕಾರಿಕೆಯ ಇತಿಹಾಸ ಕುರಿತು ಯುವ ಅಧ್ಯಾಪಕರೊಬ್ಬರು ಕನ್ನಡದಲ್ಲಿ ಸಂಶೋಧನಾ ಪ್ರಬಂಧ ಬರೆಯುತ್ತಾರೆ ಎಂದಿಟ್ಟುಕೊಳ್ಳೋಣ. ಇಂದು ಬೆಳಗಾವಿ ನಗರದ ಭಾಗವಾಗಿರುವ ಶಹಾಪುರ ಸ್ವಾತಂತ್ರ್ಯಪೂರ್ವದಲ್ಲಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು. ಆದ್ದರಿಂದ ಅವರು ಮರಾಠಿ ದಾಖಲೆಗಳನ್ನೂ ಬ್ರಿಟಿಷರ ಕಾಲದ ಗೆಜೆಟಿಯರುಗಳನ್ನೂ ಓದಬೇಕು. ಮಗ್ಗದ ಮನೆಗಳಲ್ಲಿ ಕುಳಿತು ಹಿರಿಯರ ಮಾತು ಕೇಳಬೇಕು. ಇದು ವರ್ಷಗಳ ದುಡಿಮೆ. ಆದರೆ ಪ್ರಬಂಧ ಸಿದ್ಧವಾದ ಬಳಿಕ ಅವರನ್ನು ಕಾಡುವ ಪ್ರಶ್ನೆ ಬೇರೆಯೇ ಆಗಿರುತ್ತದೆ: ಇದನ್ನು ಎಲ್ಲಿ ಪ್ರಕಟಿಸಿದರೆ ಅಂಕ ದೊರೆಯುತ್ತದೆ?

ಈ ಪ್ರಶ್ನೆಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗವು (ಯುಜಿಸಿ) ಹಲವು ವರ್ಷ ಪಟ್ಟಿಯ ಮೂಲಕ ಉತ್ತರ ನೀಡುತ್ತಿತ್ತು. 2025ರ ಫೆಬ್ರುವರಿಯಲ್ಲಿ ಆ ಪಟ್ಟಿಯನ್ನೇ ಆಯೋಗ ಕೈಬಿಟ್ಟಿತು. ಯಾವ ನಿಯತಕಾಲಿಕೆ ಉತ್ತಮ, ಯಾವುದು ಅಲ್ಲ ಎಂಬುದನ್ನು ನಿರ್ಧರಿಸುವ ಹೊಣೆ ಈಗ ವಿಶ್ವವಿದ್ಯಾಲಯಗಳದು. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೂ ಸೇರಿದಂತೆ ರಾಜ್ಯದ ಎಲ್ಲ ವಿಶ್ವವಿದ್ಯಾಲಯಗಳಿಗೂ ಇದು ಪರೀಕ್ಷೆಯ ಕಾಲ.

ಅಂಕಗಳ ಲೆಕ್ಕಾಚಾರ

ಅಧ್ಯಾಪಕರ ಸಂಶೋಧನೆಯನ್ನು ಅಂಕಗಳಲ್ಲಿ ಅಳೆಯುವ ಪದ್ಧತಿಯನ್ನು ಯುಜಿಸಿ 2010ರ ನಿಯಮಾವಳಿಯ ಮೂಲಕ ಜಾರಿಗೆ ತಂದಿತು. 2018ರ ನಿಯಮಾವಳಿಯ ಪ್ರಕಾರ ಭಾಷೆ ಮತ್ತು ಮಾನವಿಕ ವಿಷಯಗಳಲ್ಲಿ ಒಂದು ಪ್ರಬಂಧಕ್ಕೆ 10 ಅಂಕ, ವಿಜ್ಞಾನ ವಿಷಯಗಳಲ್ಲಿ 8 ಅಂಕ. ಸಹ ಪ್ರಾಧ್ಯಾಪಕ ಹುದ್ದೆಯ ನೇರ ನೇಮಕಾತಿಗೆ ಕನಿಷ್ಠ 7 ಪ್ರಕಟಣೆ ಹಾಗೂ 75 ಅಂಕ, ಪ್ರಾಧ್ಯಾಪಕ ಹುದ್ದೆಗೆ 10 ಪ್ರಕಟಣೆ ಹಾಗೂ 120 ಅಂಕ ಅಗತ್ಯವೆಂದು ಅದು ವಿಧಿಸಿತು. ಪಿಎಚ್.ಡಿ. ವಿದ್ಯಾರ್ಥಿಗಳೂ ಮಹಾಪ್ರಬಂಧ ಸಲ್ಲಿಸುವ ಮುನ್ನ ಕನಿಷ್ಠ ಒಂದು ಪ್ರಬಂಧ ಪ್ರಕಟಿಸಬೇಕೆಂಬ ನಿಯಮ 2009ರಿಂದ ಇತ್ತು. 2022ರ ನಿಯಮಾವಳಿಯಲ್ಲಿ ಆ ಕಡ್ಡಾಯ ಉಳಿಯಲಿಲ್ಲ.

ಉದ್ದೇಶ ಒಳ್ಳೆಯದೇ ಆಗಿತ್ತು. ಶಿಫಾರಸು, ಜಾತಿ, ಪರಿಚಯಗಳ ಬಲದಿಂದ ನೇಮಕಾತಿ ನಡೆಯುತ್ತದೆಂಬ ದೂರಿದ್ದ ಕ್ಷೇತ್ರದಲ್ಲಿ ಎಲ್ಲರಿಗೂ ಒಂದೇ ಅಳತೆಗೋಲು ಬೇಕಿತ್ತು. ಆದರೆ ಬೇಡಿಕೆ ಹುಟ್ಟಿದೊಡನೆ ಮಾರುಕಟ್ಟೆಯೂ ಹುಟ್ಟಿಕೊಂಡಿತು. ಹಣ ಕಟ್ಟಿದರೆ ಕೆಲವೇ ದಿನಗಳಲ್ಲಿ, ಯಾವ ತಜ್ಞರ ಪರಿಶೀಲನೆಯೂ ಇಲ್ಲದೆ ಪ್ರಬಂಧ ಅಚ್ಚು ಹಾಕುವ ನಿಯತಕಾಲಿಕೆಗಳು ತಲೆಯೆತ್ತಿದವು. ಪ್ರತಿಷ್ಠಿತ ನಿಯತಕಾಲಿಕೆಯ ಹೆಸರನ್ನೇ ಕದ್ದು ನಕಲಿ ಜಾಲತಾಣ ತೆರೆಯುವ ಕೃತ್ಯಗಳೂ ನಡೆದವು. ಈ ದಂಧೆ ದೇಶದ ಗಡಿಯನ್ನೂ ದಾಟಿತು. ಹೈದರಾಬಾದಿನ ಓಮಿಕ್ಸ್ ಸಂಸ್ಥೆ ಸಂಶೋಧಕರನ್ನು ವಂಚಿಸಿದೆ ಎಂಬ ಪ್ರಕರಣದಲ್ಲಿ ಅಮೆರಿಕದ ನ್ಯಾಯಾಲಯವು 2019ರಲ್ಲಿ 5 ಕೋಟಿ ಡಾಲರಿಗೂ ಅಧಿಕ ಮೊತ್ತ ಪಾವತಿಸುವಂತೆ ಆದೇಶಿಸಿತು.

ಪಟ್ಟಿಗಳ ಕಥೆ

ಇದನ್ನು ತಡೆಯಲು ಯುಜಿಸಿ 2017ರಲ್ಲಿ 30 ಸಾವಿರಕ್ಕೂ ಅಧಿಕ ನಿಯತಕಾಲಿಕೆಗಳ ಅನುಮೋದಿತ ಪಟ್ಟಿಯನ್ನು ಪ್ರಕಟಿಸಿತು. ಮರುವರ್ಷ ಮೇ ತಿಂಗಳಲ್ಲಿ ಅದರಿಂದ 4,305 ಹೆಸರುಗಳನ್ನು ಕಿತ್ತುಹಾಕಬೇಕಾಯಿತು. ಅದೇ ವರ್ಷ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೂ ಕಹಿಯಾದ ಸತ್ಯವನ್ನು ಹೊರಗೆಡವಿತು. ವಿಶ್ವವಿದ್ಯಾಲಯಗಳು ತಾವೇ ಶಿಫಾರಸು ಮಾಡಿದ್ದ, ಅಂತಾರಾಷ್ಟ್ರೀಯ ಸೂಚಿಗಳಲ್ಲಿಲ್ಲದ 1,009 ನಿಯತಕಾಲಿಕೆಗಳನ್ನು ಪರಿಶೀಲಿಸಿದಾಗ ಶೇ. 88ಕ್ಕೂ ಹೆಚ್ಚಿನವು ಪ್ರಾಥಮಿಕ ಮಾನದಂಡಗಳನ್ನೂ ಪೂರೈಸಿರಲಿಲ್ಲ.

ಆ ಬಳಿಕ 2019ರಲ್ಲಿ ‘ಯುಜಿಸಿ-ಕೇರ್’ ಪಟ್ಟಿ ಬಂದಿತು. ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದಲ್ಲಿ ನಿಯತಕಾಲಿಕೆಗಳ ವಿಶ್ಲೇಷಣೆ ನಡೆಯುತ್ತಿತ್ತು. ಸ್ಕೋಪಸ್, ವೆಬ್ ಆಫ್ ಸೈನ್ಸ್ ಸೂಚಿಗಳಲ್ಲಿ ಸ್ಥಾನ ಸಿಗದ ಭಾರತೀಯ ಭಾಷೆಗಳ ನಿಯತಕಾಲಿಕೆಗಳಿಗೂ ಅಲ್ಲಿ ಬಾಗಿಲು ತೆರೆದಿತ್ತೆಂಬುದು ಗಮನಾರ್ಹ. ಆದರೆ ಸೇರ್ಪಡೆಯಲ್ಲಿ ವಿಳಂಬ, ಎಲ್ಲವೂ ಒಂದೇ ಕಡೆ ಕೇಂದ್ರೀಕೃತವಾಗಿದೆ ಎಂಬ ಟೀಕೆಗಳು ಕೇಳಿಬಂದವು. ಕೊನೆಗೆ ಆಯೋಗವು ಪಟ್ಟಿಯನ್ನು ರದ್ದುಪಡಿಸಿ, ಕೇವಲ ಮಾರ್ಗದರ್ಶಿ ಅಂಶಗಳನ್ನು ಸೂಚಿಸಿ, ನಿರ್ಧಾರವನ್ನು ಸಂಸ್ಥೆಗಳಿಗೆ ಬಿಟ್ಟಿತು.

ಅಂದರೆ, ಹಿಂದೆ ಯಾರ ಶಿಫಾರಸುಗಳು ಸೋತಿದ್ದವೋ ಅವರ ಕೈಗೇ ನಿರ್ಧಾರ ಮರಳಿದೆ. ಸ್ವಾಯತ್ತತೆಯ ದೃಷ್ಟಿಯಿಂದ ಇದು ಸರಿಯಾದ ಹೆಜ್ಜೆ. ಆದರೆ ಪ್ರತಿ ವಿಶ್ವವಿದ್ಯಾಲಯವೂ ತನ್ನದೇ ಪಟ್ಟಿ ತಯಾರಿಸಿ ಸುಮ್ಮನಾದರೆ ಹಳೆಯ ರೋಗ ಹೊಸ ಮನೆಗೆ ವಲಸೆ ಹೋದಂತಾಗುತ್ತದೆ ಅಷ್ಟೆ.

ಕನ್ನಡದ ಪಾಡು

ಪಟ್ಟಿ ಇಲ್ಲದಾದಾಗ ಆಡಳಿತಗಾರರಿಗೆ ಸುಲಭವಾಗಿ ಕಾಣುವ ದಾರಿ ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕವೂ ಪ್ರಕಟಣೆಗಳ ಎಣಿಕೆಗೆ ಈ ಸೂಚಿಗಳನ್ನೇ ಅವಲಂಬಿಸಿದೆ. ಇವೆರಡರಲ್ಲೂ ಇಂಗ್ಲಿಷ್ ನಿಯತಕಾಲಿಕೆಗಳದೇ ಪ್ರಾಬಲ್ಯ. ಹೀಗಾಗಿ ಶಹಾಪುರದ ಮಗ್ಗಗಳ ಬಗ್ಗೆ ಕನ್ನಡದಲ್ಲಿ ಬರೆದ ಪ್ರಬಂಧ, ಎಷ್ಟೇ ಪ್ರೌಢವಾಗಿರಲಿ, ಲೆಕ್ಕದ ಹೊರಗೇ ಉಳಿಯುವ ಸಂಭವ ಹೆಚ್ಚು.

ಕನ್ನಡದಲ್ಲಿ ವಿದ್ವತ್ ಪತ್ರಿಕೆಗಳ ಪರಂಪರೆ ಚಿಕ್ಕದಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಪತ್ರಿಕೆ, 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಹೊರಟ ‘ಪ್ರಬುದ್ಧ ಕರ್ನಾಟಕ’, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ‘ಕರ್ನಾಟಕ ಭಾರತಿ’ ಮುಂತಾದವು ನಾಡಿನ ಶಾಸನ, ಛಂದಸ್ಸು, ಇತಿಹಾಸಗಳ ಚರ್ಚೆಗೆ ವೇದಿಕೆಯಾದವು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಶಂ. ಬಾ. ಜೋಶಿಯವರು ಧಾರವಾಡದಲ್ಲಿ ಶಾಲಾ ಶಿಕ್ಷಕರಾಗಿದ್ದುಕೊಂಡೇ ಕರ್ನಾಟಕ ಸಂಸ್ಕೃತಿಯ ಮೂಲಗಳನ್ನು ಶೋಧಿಸಿದರು. ಅವರ ‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಗೆ 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಇಂದಿನ ಸೂಚಿಗಳ ಲೆಕ್ಕದಲ್ಲಿ ಅಂಥ ವಿದ್ವಾಂಸರ ಗಳಿಕೆ ಬಹುತೇಕ ಶೂನ್ಯ.

ಓದಲು ಅನುಕೂಲ ಹೆಚ್ಚಿದೆ ಎಂಬುದು ನಿಜ. 2025ರ ಜನವರಿ 1ರಂದು ಆರಂಭವಾದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಕೇಂದ್ರವು 3 ವರ್ಷಗಳಿಗೆ 6,000 ಕೋಟಿ ರೂಪಾಯಿ ನಿಗದಿಪಡಿಸಿತು. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಅಧೀನದ ಉನ್ನತ ಶಿಕ್ಷಣ, ಸಂಶೋಧನಾ ಸಂಸ್ಥೆಗಳಿಗೆ ಲಭ್ಯವಾದವು. ಆದರೆ ಈ ಹಣ ಹೊರಗಿನ ಜ್ಞಾನವನ್ನು ನಮಗೆ ತಂದುಕೊಡುತ್ತದೆಯೇ ಹೊರತು, ನಮ್ಮ ಭಾಷೆಯ ಪತ್ರಿಕೆಗಳಿಗೆ ಸಂಪಾದಕರನ್ನೂ ಪರಿಶೀಲಕರನ್ನೂ ಒದಗಿಸುವುದಿಲ್ಲ.

ಮಾಡಬೇಕಾದುದೇನು?

‘ಇಂಪ್ಯಾಕ್ಟ್ ಫ್ಯಾಕ್ಟರ್’ ಎಂಬ ಮಾನದಂಡವನ್ನು 1955ರಲ್ಲಿ ಪ್ರಸ್ತಾಪಿಸಿದವರು ಯೂಜೀನ್ ಗಾರ್ಫೀಲ್ಡ್. ಅದು ಒಂದು ಪತ್ರಿಕೆಯ ಪ್ರಬಂಧಗಳನ್ನು ಇತರರು ಸರಾಸರಿ ಎಷ್ಟು ಬಾರಿ ಉಲ್ಲೇಖಿಸಿದ್ದಾರೆ ಎಂಬುದನ್ನು ತಿಳಿಸುತ್ತದೆ. ಒಬ್ಬ ಸಂಶೋಧಕನ ಯೋಗ್ಯತೆಯನ್ನಲ್ಲ. ಸಂಶೋಧಕರನ್ನು ಇಂಥ ಸಂಖ್ಯೆಗಳಿಂದ ಅಳೆಯಬಾರದೆಂದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರೂಪುಗೊಂಡ ‘ಡೋರಾ’ ಘೋಷಣೆ ಸ್ಪಷ್ಟವಾಗಿ ಹೇಳಿದೆ. ಸ್ಥಳೀಯ ಭಾಷೆಗಳ ವಿದ್ವತ್ತಿಗೂ ಮನ್ನಣೆ ಬೇಕೆಂದು 2019ರ ಹೆಲ್ಸಿಂಕಿ ಉಪಕ್ರಮ ಒತ್ತಾಯಿಸಿತು.

ನಮ್ಮ ವಿಶ್ವವಿದ್ಯಾಲಯಗಳು ಅನುಸರಿಸಬಹುದಾದ ಕ್ರಮ ಸರಳ. ಬಡ್ತಿ ಅಥವಾ ನೇಮಕಾತಿಗೆ ಅರ್ಜಿ ಹಾಕುವವರಿಂದ ಪ್ರಬಂಧಗಳ ದೀರ್ಘ ಪಟ್ಟಿಯ ಬದಲು ಮೂರೋ ನಾಲ್ಕೋ ಅತ್ಯುತ್ತಮ ಬರಹಗಳನ್ನು ಪಡೆಯಬೇಕು. ಹೊರಗಿನ ವಿಷಯತಜ್ಞರು ಅವುಗಳನ್ನು ಓದಿ ಲಿಖಿತ ಅಭಿಪ್ರಾಯ ನೀಡಬೇಕು. ಆ ಅಭಿಪ್ರಾಯ ಅರ್ಜಿದಾರರಿಗೂ ದೊರೆಯಬೇಕು. ಇದಕ್ಕೆ ಸಮಯ ತಗಲುತ್ತದೆ, ವಶೀಲಿಯ ಭಯವೂ ಇದೆ. ಆದರೆ ಬರೆದಿಟ್ಟ ಅಭಿಪ್ರಾಯವನ್ನು ಪ್ರಶ್ನಿಸಬಹುದು. ಯಾರೂ ಓದದೆ ಕೊಟ್ಟ ಅಂಕವನ್ನು ಪ್ರಶ್ನಿಸುವುದು ಕಷ್ಟ.

ಸಂಶೋಧನಾ ವಿದ್ಯಾರ್ಥಿಗಳೂ ಎಚ್ಚರ ವಹಿಸಬೇಕು. ಐಎಸ್‌ಎಸ್‌ಎನ್ ಎಂಬುದು ಗುರುತಿನ ಸಂಖ್ಯೆ ಮಾತ್ರ, ಗುಣಮಟ್ಟದ ಮುದ್ರೆಯಲ್ಲ. ವಾರದೊಳಗೆ ಪ್ರಕಟಿಸುವ ಭರವಸೆ, ಶುಲ್ಕದ ಬಗ್ಗೆ ಅಸ್ಪಷ್ಟತೆ, ಸಂಪರ್ಕಕ್ಕೆ ಸಿಗದ ಸಂಪಾದಕ ಮಂಡಳಿ ಕಂಡುಬಂದರೆ ದೂರವಿರುವುದು ಲೇಸು. ಹಣ ತೆತ್ತು ಅಂಥ ಕಡೆ ಪ್ರಕಟಿಸಿದ ಪ್ರಬಂಧವನ್ನು ಮತ್ತೊಂದು ಒಳ್ಳೆಯ ಪತ್ರಿಕೆ ಸ್ವೀಕರಿಸುವುದಿಲ್ಲ. ವರ್ಷಗಳ ದುಡಿಮೆ ಅಲ್ಲಿಗೇ ವ್ಯರ್ಥವಾಗುತ್ತದೆ.