ನರದ ಎಳೆಗೆ ಎಷ್ಟು ಬಿಗಿ?

ಮಹಾರಾಷ್ಟ್ರದ ಕವಲಾಪುರದ ಗಜ್ಜರಿ ಕೊಳ್ಳುವಾಗ ಒಂದನ್ನು ಬಾಗಿಸಿ ನೋಡಿ. ಲಟಕ್ಕನೆ ಮುರಿದರೆ ಹೊಸದು, ಬಳುಕಿದರೆ ಬಾಡಿದ್ದು. ಹೊಸ ಗಜ್ಜರಿಯ ಜೀವಕೋಶಗಳಲ್ಲಿ ನೀರು ಗೋಡೆಯನ್ನು ಒತ್ತಿ ಹಿಡಿದಿರುತ್ತದೆ. ಆ ಒತ್ತಡ ಕಾರಿನ ಟೈರಿನ ಗಾಳಿಯ ಒತ್ತಡವನ್ನೂ ಮೀರಬಹುದು. ಆದರೆ ಬೆರಳಿಗೆ ತಿಳಿಯುವುದು ಲಕ್ಷಾಂತರ ಕೋಶಗಳ ಒಟ್ಟು ಬಿಗಿ ಮಾತ್ರ. ಒಂದೇ ಕೋಶದ ಒಳಗಿರುವುದು ಎಷ್ಟು ಗಟ್ಟಿ, ಎಷ್ಟು ಮೆದು ಎಂದು ಜೀವವಿರುವಾಗಲೇ ಅಳೆಯುವುದು ಹೇಗೆ?

ಫ್ರಾನ್ಸಿಸ್ ಕ್ರಿಕ್ ಡಿಎನ್‌ಎಗೆ ಕೈಹಾಕುವ ಮೊದಲು ಮಾಡಿದ್ದು ಇದನ್ನೇ. ಕೋಳಿಯ ಕೋಶಗಳು ನುಂಗಿದ್ದ ಕಾಂತಕಣಗಳನ್ನು ಹೊರಗಿನಿಂದ ಆಯಸ್ಕಾಂತದಲ್ಲಿ ತಿರುಗಿಸಿ ನೋಡಿ, 1950ರಲ್ಲಿ ಪ್ರಕಟಿಸಿದರು. 1989ರಲ್ಲಿ ಆರ್ಥರ್ ಆಶ್ಕಿನ್ ಲೇಸರ್ ಬೆಳಕಿನಿಂದಲೇ ಸಸ್ಯಕೋಶದ ಒಳಗಿನ ಕಣಗಳನ್ನು ಹಿಡಿದು ಎಳೆದರು. ಕೋಶದ ಗೋಡೆ ಒಡೆಯಲಿಲ್ಲ, ಒಳರಸ ಮಾತ್ರ ಎಳೆಯಾಗಿ ಹಿಗ್ಗಿ ಬಂತು.

ನನಗೆ ಇವೆರಡಕ್ಕಿಂತ ಆಪ್ತವೆನಿಸುವುದು ಬೆಂಗಳೂರಿನ ಕೆಲಸ. ಅದನ್ನು ನೆನೆದಾಗಲೆಲ್ಲ ಕವಲಾಪುರಕ್ಕೆ ಹತ್ತಿರದ ಮಿರಜ್ ಕಣ್ಣಮುಂದೆ ಬರುತ್ತದೆ. ಅಲ್ಲಿ ತಂಬೂರಿ ಮಾಡುವವರು ಬಿರಡೆ ತಿರುವುತ್ತಾರೆ, ಮೀಟುತ್ತಾರೆ, ಕಿವಿಗೊಡುತ್ತಾರೆ, ಮತ್ತೆ ತಿರುವುತ್ತಾರೆ. ಆ ನಾದದ ಗುಟ್ಟನ್ನು ಸಿ.ವಿ. ರಾಮನ್ 1921ರ ಪ್ರಬಂಧದಲ್ಲಿ ಬಿಡಿಸಿಟ್ಟಿದ್ದರು. ಅವರು 1948ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಪ್ರಮೋದ್ ಪುಲ್ಲರ್ಕಾಟ್ ಅವರ ತಂಡ ಬೇರೊಂದು ತಂತಿಯನ್ನು ಎಳೆದು ನೋಡಿತು. ಅದು ನರಕೋಶದ ಉದ್ದನೆಯ ಎಳೆ, ಆಕ್ಸಾನ್. ಪುಣೆಯ ವಿಜ್ಞಾನ ಸಂಸ್ಥೆ ಐಸರ್ ಜೊತೆ ನಡೆದ ಈ ಅಧ್ಯಯನ 2020ರಲ್ಲಿ ಪ್ರಕಟವಾಯಿತು.

ಉಪಕರಣ ಸರಳ, ಸುಂದರ. ಕೂದಲಿಗಿಂತ ಸಣ್ಣಗೆ ಸವೆಸಿದ ಗಾಜಿನ ಎಳೆಯ ತುದಿಯಿಂದ ಆಕ್ಸಾನನ್ನು ನಡುವೆ ತಳ್ಳಿ ಹಿಗ್ಗಿಸುತ್ತಾರೆ. ಗಾಜಿನೊಳಗೆ ಹಾಯುವ ಲೇಸರ್ ಬೆಳಕು ತುದಿಯಲ್ಲಿ ಚುಕ್ಕೆಯಾಗಿ ಹೊಮ್ಮುತ್ತದೆ. ಚುಕ್ಕೆ ಸರಿದಷ್ಟು ಗಾಜು ಬಾಗಿದೆ, ಬಾಗಿದಷ್ಟು ಬಲ ಬಿದ್ದಿದೆ.

ತಂಬೂರಿಯ ತಂತಿ ಎಳೆದಷ್ಟೂ ಬಿಗಿಯುತ್ತದೆ, ಹಾಗೇ ನಿಲ್ಲುತ್ತದೆ. ಆಕ್ಸಾನ್ ಹಾಗಲ್ಲ. ಎಳೆದ ಕ್ಷಣ ಬಿಗಿ ಏರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಹೆಚ್ಚು ಹಿಗ್ಗಿಸಿದರೆ ಇನ್ನೂ ಮೆದುವಾಗುತ್ತದೆ. ಆಕ್ಸಾನಿನ ಒಳಗೋಡೆಗುಂಟ ಆಕ್ಟಿನ್ ಬಳೆಗಳಿವೆ, ಬಳೆಯಿಂದ ಬಳೆಗೆ ಸುಮಾರು 190 ನ್ಯಾನೊಮೀಟರ್. ನಡುವೆ ಸ್ಪೆಕ್ಟ್ರಿನ್ ಎಂಬ ಪ್ರೋಟೀನು ಮಡಿಕೆ ಮಡಿಕೆಯಾಗಿ ಕೂತಿದೆ. ಎಳೆತಕ್ಕೆ ಆ ಮಡಿಕೆಗಳು ಬಿಚ್ಚಿ ಬಿಗಿಯನ್ನು ಸಡಿಲಿಸುತ್ತವೆ ಎಂಬುದು ಆ ತಂಡದ ವಿವರಣೆ. ಸ್ಪೆಕ್ಟ್ರಿನ್ ಕಡಿಮೆ ಮಾಡಿದ ಆಕ್ಸಾನುಗಳಲ್ಲಿ ಗಡಸೂ ಕುಗ್ಗಿತು, ಬಿಗಿ ಇಳಿಸುವ ಗುಣವೂ ಕುಗ್ಗಿತು.

ಗಜ್ಜರಿ ಮುರಿಯಲು ಮೊಣಕೈ ಮಡಿಸಿದಾಗಲೂ ತೋಳಿನ ನರವೊಂದು ಹಿಗ್ಗುತ್ತದೆ.