ಓಟಕ್ಕೆ ಅರ್ಧಶಕ್ತಿಯೇ ಅಳತೆ

ದಬ್ಬೇಘಟ್ಟದ ತೆಂಗಿನ ತೋಟಗಳ ನಡುವಣ ದಾರಿಯಲ್ಲಿ ನಸುಕಿನ ಓಟ ನಮಗೆ ಬಹುಕಾಲದ ರೂಢಿ. ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ 10 ಕಿ.ಮೀ. ಓಟದಲ್ಲಿ ಪಾಲ್ಗೊಳ್ಳಬಯಸುವ ಭಕ್ತರು, ದಿನವೂ ಎಷ್ಟು ದೂರ ಓಡಬೇಕೆಂದು ನಮ್ಮನ್ನು ಕೇಳುವುದುಂಟು. ಆಯುರ್ವೇದವು ದೂರವನ್ನು ಅಳೆಯುವುದಿಲ್ಲ, ಶಕ್ತಿಯನ್ನು ಅಳೆಯುತ್ತದೆ. ವ್ಯಾಯಾಮಕ್ಕೆ ಅರ್ಧಶಕ್ತಿಯೇ ಮಿತಿಯೆಂದು ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ವಿಧಿಸಿದ್ದಾರೆ. ಹಣೆ, ಮೂಗು, ಕಂಕುಳು, ಸಂಧಿಗಳಲ್ಲಿ ಬೆವರು ಮೂಡಿ, ಬಾಯಿ ಒಣಗಿ, ಉಸಿರು ಬಾಯಿಂದ ಬರತೊಡಗಿದರೆ ಅರ್ಧಶಕ್ತಿ ವ್ಯಯವಾಯಿತೆಂದು ತಿಳಿದು ಓಟ ನಿಲ್ಲಿಸಬೇಕು. ಈ ಮಿತಿಯೂ ಚಳಿಗಾಲ ಮತ್ತು ವಸಂತಕ್ಕೆ ಮಾತ್ರ. ಬೇಸಿಗೆ, ಮಳೆಗಾಲಗಳಲ್ಲಿ ಇನ್ನೂ ಕಡಿಮೆ ಸಾಕು. ಅಜೀರ್ಣವಿದ್ದ ದಿನ ಓಟ ಸಲ್ಲದು. ಅರವತ್ತು ದಾಟಿದ ನಾವೀಗ ಕಿಲೋಮೀಟರ್ ಎಣಿಸದೆ ಉಸಿರನ್ನೇ ಗಮನಿಸುತ್ತೇವೆ. ಓಡುವಾಗ ಎದೆನೋವು ಕಂಡರೆ ವಾಯುವೆಂದು ಕಷಾಯ ಕುಡಿದು ಕೂರದೆ, ತಕ್ಷಣ ಆಸ್ಪತ್ರೆಗೆ ತೆರಳಬೇಕು.