ಪ್ರತಿಗಳ ವಂಶವೃಕ್ಷ ಮತ್ತು ಎಕ್ಸ್‌ಎಂಎಲ್ ಶೈಲಿಪತ್ರ

ಪ್ರಾಚೀನ ಕೃತಿಯೊಂದನ್ನು ಸಂಪಾದಿಸುವವರು ತಮಗೆ ದೊರೆತ ಓಲೆಗರಿ ಹಾಗೂ ಕಾಗದದ ಪ್ರತಿಗಳ ಪರಸ್ಪರ ಸಂಬಂಧವನ್ನು ವಂಶವೃಕ್ಷದ ರೂಪದಲ್ಲಿ ತೋರಿಸುವುದುಂಟು. ಪುಣೆಯ ಭಾಂಡಾರಕರ್ ಸಂಸ್ಥೆಯು 1933ರಲ್ಲಿ ಪೂರ್ಣಗೊಳಿಸಿದ ಮಹಾಭಾರತದ ಆದಿಪರ್ವದ ಪೀಠಿಕೆಯಲ್ಲಿ ವಿ.ಎಸ್. ಸುಕ್ಥಣಕರ್ ಅವರು ಕೊಟ್ಟಿರುವ ಪಾಠಪರಂಪರೆಯ ವೃಕ್ಷವು ಇದಕ್ಕೆ ಪ್ರಸಿದ್ಧ ನಿದರ್ಶನ. ಮುಂಬಯಿ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಅವರು ಸಿದ್ಧಪಡಿಸಿದ ಕೊನೆಯ ಉಪನ್ಯಾಸಮಾಲೆಯನ್ನು ಮುಂಬಯಿಯ ಏಷಿಯಾಟಿಕ್ ಸೊಸೈಟಿಯು 1957ರಲ್ಲಿ ಪ್ರಕಟಿಸಿತು. ಗ್ರಂಥಸಂಪಾದನೆಯ ವಿಚಾರದಲ್ಲಿ ಈ ನಗರಕ್ಕೂ ಒಂದು ಪರಂಪರೆಯಿದೆ ಎಂಬುದನ್ನು ಇಲ್ಲಿ ನೆನೆಯಬಹುದು.

ಆದರೆ ಮುದ್ರಿತ ವೃಕ್ಷಕ್ಕೆ ಒಂದು ಮಿತಿಯುಂಟು. ಅದು ತೀರ್ಮಾನವನ್ನು ತೋರಿಸುತ್ತದೆಯೇ ಹೊರತು ಅದರ ಆಧಾರವನ್ನಲ್ಲ. ಮೈಸೂರಿನ ಅಥವಾ ಧಾರವಾಡದ ಹಸ್ತಪ್ರತಿ ಭಂಡಾರಕ್ಕೆ ಬೇಕೆಂದಾಗ ಹೋಗಲಾಗದ, ಕಲೀನಾದಲ್ಲಿಯೋ ದೆಹಲಿಯಲ್ಲಿಯೋ ಕುಳಿತ ಸಂಶೋಧಕರು ಅದನ್ನು ನಂಬಬೇಕು, ಇಲ್ಲವೇ ಬಿಡಬೇಕು. ಹೊಸ ಪ್ರತಿಯೊಂದು ದೊರೆತರೆ ಚಿತ್ರವನ್ನು ಮತ್ತೆ ಮೊದಲಿನಿಂದ ಬರೆಯಬೇಕು. ವೃಕ್ಷವನ್ನು ಕೈಯಿಂದ ಬರೆಯದೆ, ಪ್ರತಿಗಳ ವಿವರಪಟ್ಟಿಯಿಂದಲೇ ಅದು ಮೂಡುವಂತೆ ಮಾಡಿದರೆ ಈ ಎರಡು ತೊಡಕುಗಳೂ ನಿವಾರಣೆಯಾಗುತ್ತವೆ. ಅದರ ವಿಧಾನವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1998ರಲ್ಲಿ ರೂಪುಗೊಂಡ ಎಕ್ಸ್‌ಎಂಎಲ್, ಪಠ್ಯದ ಪ್ರತಿಯೊಂದು ಭಾಗಕ್ಕೂ ಹೆಸರು ಕೊಡುವ ವ್ಯವಸ್ಥೆ. ಪ್ರತಿಗಳನ್ನೂ ಪಾಠಾಂತರಗಳನ್ನೂ ಅದರಲ್ಲಿ ದಾಖಲಿಸಲು ಟಿಇಐ ಎಂಬ ಸಂಹಿತೆಯು ನಿಶ್ಚಿತ ಸಂಕೇತಗಳನ್ನು ಒದಗಿಸಿದೆ. ಪ್ರತಿ ಹಸ್ತಪ್ರತಿಗೂ ಒಂದು ಸಂಕೇತಾಕ್ಷರ, ಕಾಲ, ಲಿಪಿಕಾರ, ಹಾಗೂ ಅದರ ಮಾತೃಪ್ರತಿಯ ಸಂಕೇತಾಕ್ಷರ ಇಷ್ಟನ್ನು ದಾಖಲಿಸಿದರೆ ಸಾಕು. ಈ ದಾಖಲೆಯನ್ನು ಬೇಕಾದ ರೂಪಕ್ಕೆ ಮಾರ್ಪಡಿಸುವುದು 1999ರಲ್ಲಿ ಅಂಗೀಕೃತವಾದ ಎಕ್ಸ್‌ಎಸ್‌ಎಲ್‌ಟಿ ಎಂಬ ಶೈಲಿಪತ್ರದ ಭಾಷೆ.

ಶೈಲಿಪತ್ರದಲ್ಲಿ ಆವರ್ತನೆಗೆ ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು 'ಫಾರ್-ಈಚ್'. ಕೀರ್ತನೆಯಲ್ಲಿ ಪ್ರತಿ ಚರಣದ ಬಳಿಕ ಪಲ್ಲವಿ ಮರಳುವಂತೆ, ಆಯ್ದ ಪ್ರತಿಯೊಂದು ಘಟಕಕ್ಕೂ ಒಂದೇ ಕಾರ್ಯ ನಡೆಯುತ್ತದೆ. ಪ್ರತಿ ಹಸ್ತಪ್ರತಿಗೂ 'ಮಾತೃಕೆಯಿಂದ ಇದಕ್ಕೆ ಒಂದು ಗೆರೆ' ಎಂದು ಬರೆಯಿಸಲು ಇಷ್ಟು ಸಾಕು. ಭಾಮಿನಿ ಷಟ್ಪದಿಯಲ್ಲಿ ಸಾಲುಗಳ ಮಾತ್ರೆಗಳನ್ನು ಕೂಡಿ, ಮೊತ್ತ 102 ಆಗದ ಪದ್ಯಗಳನ್ನು ಪಟ್ಟಿಮಾಡಲೂ ಇದೇ ಕ್ರಮ. ಎರಡನೆಯದು 2007ರ ಆವೃತ್ತಿಯಲ್ಲಿ ಸೇರಿದ 'ಫಾರ್-ಈಚ್-ಗ್ರೂಪ್'. ಒಂದೇ ಪಾಠವುಳ್ಳ ಪ್ರತಿಗಳನ್ನು ಇದು ಒಂದು ಗುಂಪಾಗಿಸುತ್ತದೆ.

ಮೂರನೆಯದು ಪುನರಾಹ್ವಾನ, ಅಂದರೆ ವಿಧಿಯೊಂದು ತನ್ನನ್ನು ತಾನೇ ಕರೆದುಕೊಳ್ಳುವುದು. ಹೊಸಬರು ಎಡವುವುದು ಇಲ್ಲಿಯೇ. ಈ ಭಾಷೆಯಲ್ಲಿ ಒಮ್ಮೆ ಕೊಟ್ಟ ಬೆಲೆಯನ್ನು ಬದಲಿಸಲಾಗದು. 'ಎಣಿಕೆಗೆ ಒಂದು ಕೂಡಿಸು' ಎಂಬ ಮಾತಿಗೆ ಅವಕಾಶವಿಲ್ಲ. ಆದ್ದರಿಂದ ಪ್ರತಿಯೊಂದು ಎಷ್ಟನೆಯ ತಲೆಮಾರಿನದೆಂದು ತಿಳಿಯಲು 'ಮಾತೃಕೆಯ ತಲೆಮಾರಿಗಿಂತ ಒಂದು ಹೆಚ್ಚು' ಎಂದು ವಿಧಿಸಬೇಕು. ವಿಧಿಯು ಮಾತೃಕೆಯನ್ನು ಕೇಳುತ್ತದೆ, ಆ ಮಾತೃಕೆ ತನ್ನ ಮಾತೃಕೆಯನ್ನು. ಮಾತೃಕೆಯಿಲ್ಲದ ಮೂಲದಲ್ಲಿ ಸರಣಿ ನಿಲ್ಲುತ್ತದೆ. ದಾಖಲೆಯಲ್ಲಿ ಎರಡು ಪ್ರತಿಗಳನ್ನು ತಪ್ಪಾಗಿ ಒಂದಕ್ಕೊಂದು ಮಾತೃಕೆಯೆಂದು ಬರೆದಿದ್ದರೆ ಸರಣಿಗೆ ಕೊನೆಯೇ ಇರದು. ಯಂತ್ರವು ದೋಷ ಸೂಚಿಸಿ ನಿಲ್ಲುತ್ತದೆ. ಕೈಬರಹದ ವೃಕ್ಷದಲ್ಲಿ ಕಣ್ತಪ್ಪಬಹುದಾದ ಅಸಂಗತಿ ಹೀಗೆ ಬಯಲಾಗುತ್ತದೆ.

ಇನ್ನೊಂದು ತೊಡಕು ಶಾಸ್ತ್ರಕ್ಕೇ ಸಂಬಂಧಿಸಿದ್ದು. ನಮ್ಮ ಲಿಪಿಕಾರರು ಒಂದು ಪ್ರತಿಯನ್ನು ನಕಲು ಮಾಡುವಾಗ ಮತ್ತೊಂದನ್ನು ನೋಡಿ ತಿದ್ದುತ್ತಿದ್ದುದುಂಟು. ಇಂಥ ಮಿಶ್ರಪ್ರತಿಗೆ ಮಾತೃಕೆಗಳು ಎರಡು. ದಾಖಲೆಯನ್ನು ಒಂದರೊಳಗೊಂದು ಸೇರಿಸಿದ ಕೊಂಬೆಗಳಂತೆ ಬರೆದರೆ ಇದಕ್ಕೆ ಎಡೆಯಿಲ್ಲ. ಪ್ರತಿಗಳನ್ನು ಸಾಲಾಗಿ ಬರೆದು, ಮಾತೃಕೆಗಳನ್ನು ಪ್ರತ್ಯೇಕ ಸೂಚಕಗಳಾಗಿ ಇಡುವುದೇ ಲೇಸು. ಎರಡನೆಯ ಮಾತೃಕೆಗೆ ಚುಕ್ಕಿಗೆರೆಯನ್ನು ವಿಧಿಸಬಹುದು; ತಲೆಮಾರಿನ ಎಣಿಕೆಗೆ ಮೊದಲನೆಯ ಮಾತೃಕೆಯನ್ನಷ್ಟೇ ಹಿಡಿಯಬೇಕು.

ಸಲಕರಣೆಗಳೆಲ್ಲ ಉಚಿತವಾಗಿ ದೊರೆಯುತ್ತವೆ. ಶೈಲಿಪತ್ರವನ್ನು ನಡೆಸಲು ಎಕ್ಸ್‌ಎಸ್‌ಎಲ್‌ಟಿಪ್ರಾಕ್ ಸಾಕು. ಅದು ಮೊದಲ ಆವೃತ್ತಿಯನ್ನಷ್ಟೇ ಬಲ್ಲದಾದ್ದರಿಂದ ಗುಂಪು ಮಾಡುವವರು ಸ್ಯಾಕ್ಸನ್ನಿನ ಉಚಿತ ಆವೃತ್ತಿಯನ್ನು ಬಳಸಬೇಕು. ಚಿತ್ರಕ್ಕೆ ಗ್ರಾಫ್‌ವಿಜ್ ಅತ್ಯಂತ ಯೋಗ್ಯ: ಶೈಲಿಪತ್ರವು ಬರೆದ ಗೆರೆಗಳ ಪಟ್ಟಿಯನ್ನು ಓದಿ, ಯಾವುದು ಎಲ್ಲಿರಬೇಕೆಂದು ತಾನೇ ನಿರ್ಧರಿಸುತ್ತದೆ. ಫಲಿತವನ್ನು ಎಸ್‌ವಿಜಿ ರೂಪದಲ್ಲಿ ಪಡೆದರೆ ಯೂನಿಕೋಡ್ ಕನ್ನಡದ ಹೆಸರುಗಳು ಅಕ್ಷರಗಳಾಗಿಯೇ ಉಳಿಯುತ್ತವೆ. ಅದನ್ನು ಇಂಕ್‌ಸ್ಕೇಪಿನಲ್ಲಿ ತಿದ್ದಿಕೊಳ್ಳಬಹುದು. ಕೈಯಿಂದಲೇ ಚಿತ್ರ ಬರೆಯಬಯಸುವವರಿಗೆ ಡಿಯಾ ಮತ್ತು ಡ್ರಾ ಐಒ ಇವೆ. ಇವೂ ಚಿತ್ರವನ್ನು ಎಕ್ಸ್‌ಎಂಎಲ್ ಆಗಿಯೇ ಕಾಪಿಡುತ್ತವೆ. ಮುಂಬಯಿಯ ಪೊವಾಯಿಯಲ್ಲಿರುವ ಐಐಟಿಯಲ್ಲಿ ರೂಪುಗೊಂಡ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಪಾಠಗಳು, ಲಿಬ್ರೆಆಫೀಸ್ ಡ್ರಾ ಮೊದಲಾದ ಉಚಿತ ತಂತ್ರಾಂಶಗಳನ್ನು ಸ್ವಂತವಾಗಿ ಕಲಿಯಲು ನೆರವಾಗುತ್ತವೆ. ಅವುಗಳಲ್ಲಿ ಹಲವು ಕನ್ನಡದಲ್ಲಿಯೂ ಲಭ್ಯ.

ಯಾವ ಪ್ರತಿ ಯಾವುದರ ಮಗು ಎಂಬುದನ್ನು ಯಂತ್ರ ನಿರ್ಣಯಿಸದು. ಸಮಾನ ಸ್ಖಾಲಿತ್ಯಗಳನ್ನು ತೂಗಿ ನೋಡುವ ಹೊಣೆ ಇಂದಿಗೂ ಸಂಪಾದಕರದೇ. ಆದರೆ ವೃಕ್ಷದ ಜೊತೆಗೆ ದಾಖಲೆಯನ್ನೂ ಶೈಲಿಪತ್ರವನ್ನೂ ಪ್ರಕಟಿಸಿದರೆ, ದೂರದ ಓದುಗರು ಒಂದು ಗೆರೆಯನ್ನು ಬದಲಿಸಿ ಪರಿಣಾಮವನ್ನು ತಾವೇ ನೋಡಬಲ್ಲರು. ಹಸ್ತಪ್ರತಿ ಭಂಡಾರದಿಂದ ದೂರವಿರುವವರೂ ಆಗ ಪಾಠವಿಮರ್ಶೆಯಲ್ಲಿ ಸಮಭಾಗಿಗಳಾಗುತ್ತಾರೆ.